ಫೋಲ್ಡರಿಗೆ ಫೈಲು ಬಿದ್ದರೆ ಡೇಟಾಬೇಸಿನಲ್ಲಿ ನಮೂದು

ಓದುಗರ ಪ್ರಶ್ನೆ: ಕಂಪ್ಯೂಟರ್ ಅಂಕಣ

ಸ್ಕ್ಯಾನ್ ಮಾಡಿದ ಕಾಗದ, ಫೋಟೊ, ಪಿಡಿಎಫ್‌ಗಳನ್ನು ಫೋಲ್ಡರಿಗೆ ಹಾಕಿದರೆ ಸಾಕು, ಡೇಟಾಬೇಸಿನಲ್ಲಿ ತಾನಾಗಿ ನಮೂದಾಗಬೇಕು. ಅದನ್ನು ಮಾಡುವುದು ಹೇಗೆ ಎಂದು ಮೈಸೂರು, ಮಂಡ್ಯ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಕೆಲಸ ಒಂದೇ ಆದರೂ ಎಡವಿರುವ ಜಾಗ ಬೇರೆ ಬೇರೆ. ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮಂಡ್ಯದ ಎಪಿಎಂಸಿಯಲ್ಲಿ ನಮ್ಮದು ಬೆಲ್ಲದ ಮಂಡಿ. ದಿನಕ್ಕೆ ನೂರೈವತ್ತರಷ್ಟು ತೂಕದ ಚೀಟಿಗಳು ಸ್ಕ್ಯಾನ್ ಆಗಿ ಒಂದು ಫೋಲ್ಡರಿಗೆ ಬೀಳುತ್ತವೆ. ಹುಡುಗನೊಬ್ಬ ಕೂತು ಒಂದೊಂದನ್ನೇ ಡೇಟಾಬೇಸಿಗೆ ಏರಿಸುತ್ತಾನೆ. ಸಂಜೆ ಎಣಿಸಿದರೆ ಚೀಟಿಯದೇ ಒಂದು ಲೆಕ್ಕ, ಎಂಟ್ರಿಯದೇ ಒಂದು ಲೆಕ್ಕ. ಇದು ತಾನಾಗಿ ನಡೆಯಬೇಕಾದರೆ ಎಲ್ಲಿಂದ ಶುರು ಮಾಡಬೇಕು?
— ಬೆಲ್ಲದ ವರ್ತಕರು, ಮಂಡ್ಯ

ಉತ್ತರ: ಪ್ರೋಗ್ರಾಮಿನ ಮಾತು ಆಮೇಲೆ. ಮೊದಲು ಫೋಲ್ಡರುಗಳನ್ನು ಸರಿಮಾಡಿಕೊಳ್ಳಿ. ಮೂರು ಬೇಕು: ‘ಒಳಬಂದದ್ದು’, ‘ಮುಗಿದದ್ದು’, ‘ತಕರಾರು’. ಸ್ಕ್ಯಾನರ್ ಮೊದಲನೆಯದಕ್ಕೆ ಮಾತ್ರ ಬರೆಯಲಿ. ನಮೂದಾದ ಫೈಲು ಎರಡನೆಯದಕ್ಕೆ ಹೋಗಲಿ, ಅರ್ಥವಾಗದ್ದು ಮೂರನೆಯದಕ್ಕೆ. ಮೂರೂ ಒಂದೇ ಡ್ರೈವಿನಲ್ಲಿರಬೇಕು. ಒಂದೇ ಡ್ರೈವಿನೊಳಗೆ ಫೈಲನ್ನು ಸರಿಸಿದರೆ ಒಳಗಿನ ಬೈಟುಗಳು ಅಲುಗುವುದಿಲ್ಲ, ವಿಳಾಸವಷ್ಟೇ ಬದಲಾಗುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ಬೇರೆ ಡ್ರೈವಿಗಾದರೆ ಕಂಪ್ಯೂಟರು ಮೊದಲು ನಕಲು ಮಾಡಿ ಆಮೇಲೆ ಅಳಿಸುತ್ತದೆ. ನಡುವೆ ಕರೆಂಟು ಹೋದರೆ ಅಲ್ಲೊಂದು ಅರ್ಧ ಫೈಲು, ಇಲ್ಲೊಂದು ಪೂರ್ತಿ ಫೈಲು ಉಳಿಯುತ್ತದೆ.

ಎರಡನೆಯದು ಹೆಸರು. ‘2025-01-18_0457_ಕುರಿಕಾಟು’ ಎಂಬಂತೆ ವರ್ಷ, ತಿಂಗಳು, ದಿನ, ಅಡಿಗೆರೆ, ನಾಲ್ಕಂಕಿಯ ಲಾಟ್ ನಂಬರು, ಅಡಿಗೆರೆ, ಬೆಲ್ಲದ ಬಗೆ. ದಿನವನ್ನು ಮುಂದಿಟ್ಟರೆ ಫೈಲುಗಳು ತಾರೀಖಿನ ಕ್ರಮದಲ್ಲಿ ಕೂರುವುದಿಲ್ಲ. ನಂಬರಿನ ಎಡಗಡೆ ಸೊನ್ನೆ ತುಂಬದಿದ್ದರೆ, ಅಕ್ಷರಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮುಗಳಲ್ಲಿ 9ಕ್ಕಿಂತ ಮೊದಲು 10 ಬರುತ್ತದೆ. ಸ್ಕ್ಯಾನರಿನ ಸಾಫ್ಟ್‌ವೇರು ತಾರೀಖು ಮತ್ತು ತನ್ನದೇ ಎಣಿಕೆಯನ್ನಷ್ಟೇ ಹಾಕುವಂತಿದ್ದರೆ ಲಾಟ್ ನಂಬರಿಗೆ ಬೇರೆ ದಾರಿ ಬೇಕು. ಚೀಟಿ ಮುದ್ರಿಸುವಾಗಲೇ ಮೂಲೆಯಲ್ಲಿ 2 ಸೆಂ.ಮೀ. ಅಗಲದ ಕ್ಯೂಆರ್ ಗುರುತು ಹಾಕಿಸಿ, 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ. ಆಗ ಆ ಗುರುತು ಸುಮಾರು 236 ಪಿಕ್ಸೆಲ್ ಅಗಲ ಬರುತ್ತದೆ, ಜೆಡ್‌ಬಾರ್ ಎಂಬ ಉಚಿತ ಲೈಬ್ರರಿ ಅದನ್ನು ಸಲೀಸಾಗಿ ಓದುತ್ತದೆ. ಕೈಬರಹದ ನಂಬರನ್ನು ಕಂಪ್ಯೂಟರಿನಿಂದ ಓದಿಸುವ ಗೋಜಿಗೆ ಹಣದ ಲೆಕ್ಕದಲ್ಲಿ ಹೋಗಲೇಬೇಡಿ.

ಮೂರನೆಯದು ಡೇಟಾಬೇಸು. ಒಂದೇ ಕಂಪ್ಯೂಟರಿನಲ್ಲಿ ನಡೆಯುವ ಕೆಲಸಕ್ಕೆ, ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು. ಟೇಬಲ್ಲಿನಲ್ಲಿ ಇರಬೇಕಾದ್ದು: ಕ್ರಮಸಂಖ್ಯೆ, ಫೈಲಿನ ಮೂಲ ಹೆಸರು, ಮುಖ್ಯ ಫೋಲ್ಡರಿನಿಂದ ಮುಂದಿನ ದಾರಿ, ಬೈಟ್‌ಗಳಲ್ಲಿ ಗಾತ್ರ, ಎಸ್‌ಎಚ್‌ಎ-256 ಗುರುತು, ಚೀಟಿಯ ತಾರೀಖು, ಲಾಟ್ ನಂಬರು, ಬಗೆ, ನಮೂದಾದ ಸಮಯ, ಸ್ಥಿತಿ. ದಾರಿಯನ್ನು ಡ್ರೈವಿನ ಅಕ್ಷರದಿಂದ ಶುರುಮಾಡಿ ಬರೆಯಬೇಡಿ. ನಾಳೆ ಹಾರ್ಡ್‌ಡಿಸ್ಕು ಬದಲಾಗಿ ಆ ಅಕ್ಷರವೂ ಬದಲಾದರೆ ಅಷ್ಟೂ ಸಾಲುಗಳು ಸುಳ್ಳಾಗುತ್ತವೆ.

ಎಸ್‌ಎಚ್‌ಎ-256 ಅಂದರೆ ಫೈಲಿನ ಎಲ್ಲ ಬೈಟುಗಳಿಂದ ಲೆಕ್ಕಹಾಕಿ ತೆಗೆಯುವ 64 ಅಕ್ಷರಗಳ ಗುರುತು. ಒಂದು ಬೈಟು ವ್ಯತ್ಯಾಸವಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಈ ಕಾಲಂಗೆ ‘ಯೂನಿಕ್’ ನಿರ್ಬಂಧ ಹಾಕಿ, ಅಂದರೆ ಒಂದು ಸಾಲಿನಲ್ಲಿ ಇರುವುದು ಇನ್ನೊಂದು ಸಾಲಿನಲ್ಲಿ ಬರಕೂಡದು. ಹಾಗೆಯೇ ತಾರೀಖು ಮತ್ತು ಲಾಟ್ ನಂಬರು ಎರಡನ್ನೂ ಸೇರಿಸಿ ಇನ್ನೊಂದು ಯೂನಿಕ್ ನಿರ್ಬಂಧ ಹಾಕಿ. ಎರಡೂ ಯಾಕೆ? ಅದೇ ಫೈಲನ್ನು ಯಾರಾದರೂ ಮತ್ತೆ ತಂದು ಹಾಕಿದರೆ ಮೊದಲನೆಯದು ಹಿಡಿಯುತ್ತದೆ. ಅದೇ ಚೀಟಿಯನ್ನು ಎರಡನೇ ಸಲ ಸ್ಕ್ಯಾನ್ ಮಾಡಿದರೆ ಕಣ್ಣಿಗೆ ಒಂದೇ ಕಂಡರೂ ಬೈಟುಗಳು ಬೇರೆ, ಆದ್ದರಿಂದ ಗುರುತೂ ಬೇರೆ. ಅಲ್ಲಿ ಎರಡನೆಯ ನಿರ್ಬಂಧವೇ ಗತಿ.

ಇನ್ನು ಪ್ರೋಗ್ರಾಮು. ಪೈಥಾನ್ ಭಾಷೆ ಸಾಕು, ಅದರಲ್ಲೇ ಎಸ್‌ಕ್ಯೂಲೈಟ್ ಮತ್ತು ಎಸ್‌ಎಚ್‌ಎ ಎರಡೂ ಬರುತ್ತವೆ. ಹೆಜ್ಜೆಗಳ ಕ್ರಮ ಮುಖ್ಯ. ಫೈಲು ಪೂರ್ತಿ ಬಂದಿದೆಯೇ ನೋಡಿ, ಗುರುತು ಲೆಕ್ಕಹಾಕಿ, ಹೆಸರನ್ನು ಬಿಡಿಸಿ, ‘ಬಂದಿದೆ’ ಎಂಬ ಸ್ಥಿತಿಯೊಡನೆ ಸಾಲು ಸೇರಿಸಿ, ಆಮೇಲೆ ಫೈಲನ್ನು ‘ಮುಗಿದದ್ದು’ ಫೋಲ್ಡರಿಗೆ ಸರಿಸಿ, ಕೊನೆಗೆ ಸ್ಥಿತಿಯನ್ನು ‘ಮುಗಿದಿದೆ’ ಎಂದು ತಿದ್ದಿ. ಮೊದಲೇ ಫೈಲನ್ನು ಸರಿಸಿ ಆಮೇಲೆ ಸಾಲು ಸೇರಿಸುವ ಪ್ರೋಗ್ರಾಮುಗಳು ಬೇಕಾದಷ್ಟಿವೆ. ಆ ಎರಡರ ನಡುವೆ ಕಂಪ್ಯೂಟರು ನಿಂತರೆ ಫೈಲು ‘ಮುಗಿದದ್ದು’ ಫೋಲ್ಡರಿನಲ್ಲಿರುತ್ತದೆ, ನಮೂದಿರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಸಂಜೆಯ ಲೆಕ್ಕ ತಪ್ಪುವುದು ಇಂಥಲ್ಲೇ. ಸಾಲನ್ನು ಮೊದಲು ಬರೆದರೆ ಅರ್ಧಕ್ಕೆ ನಿಂತ ಕೆಲಸಕ್ಕೆ ‘ಬಂದಿದೆ’ ಎಂಬ ಸ್ಥಿತಿಯಾದರೂ ಉಳಿಯುತ್ತದೆ. ಮುಂದಿನ ಓಟದಲ್ಲಿ ಅದೇ ಎಸ್‌ಎಚ್‌ಎ ಗುರುತಿನ ಫೈಲು ‘ಒಳಬಂದದ್ದು’ ಫೋಲ್ಡರಿನಲ್ಲಿ ಸಿಕ್ಕಿ, ಅದರ ಸ್ಥಿತಿ ‘ಬಂದಿದೆ’ ಎಂದಿದ್ದರೆ ಅದು ನಕಲಲ್ಲ, ಅರ್ಧಕ್ಕೆ ನಿಂತ ಕೆಲಸ. ಅಲ್ಲಿಂದ ಮುಂದುವರಿಸಬೇಕು. ಫೈಲು ಆಗಲೇ ಸರಿದಿದ್ದು ಸ್ಥಿತಿಯಷ್ಟೇ ಹಿಂದೆ ಉಳಿದಿದ್ದರೆ ಸ್ಥಿತಿಯನ್ನು ತಿದ್ದಿದರೆ ಆಯಿತು. ಸ್ಥಿತಿ ‘ಮುಗಿದಿದೆ’ ಎಂದಿದ್ದರೆ ಮಾತ್ರ ನಿಜವಾದ ನಕಲು, ‘ತಕರಾರು’ ಫೋಲ್ಡರಿಗೆ ಹಾಕಬೇಕು. ಎಸ್‌ಕ್ಯೂಲೈಟ್‌ನ 3.24ನೇ ಆವೃತ್ತಿಯಿಂದ, ಅಂದರೆ 2018ರಿಂದ, ‘ಘರ್ಷಣೆಯಾದರೆ ಸುಮ್ಮನಿರು’ ಎಂದು ಹೇಳುವ ‘ಆನ್ ಕಾನ್‌ಫ್ಲಿಕ್ಟ್’ ಸೌಕರ್ಯವಿದೆ. ಅದನ್ನು ಬಳಸಿದರೂ ಎಷ್ಟು ಸಾಲು ಸೇರಿತು ಎಂದು ಪ್ರತಿಸಲ ನೋಡಿ. ಸೊನ್ನೆ ಬಂದದ್ದನ್ನು ನೋಡದೆ ಬಿಟ್ಟರೆ ನಿಜವಾದ ಚೀಟಿಯೂ ಸದ್ದಿಲ್ಲದೆ ಮಾಯವಾಗಬಹುದು.

ಕೊನೆಯದು, ಪ್ರೋಗ್ರಾಮು ಯಾವಾಗ ಓಡಬೇಕು ಎಂಬುದು. ಕರೆಗಂಟೆ ಬಡಿದಾಗ ಎದ್ದುಹೋಗುವುದು ಒಂದು ರೀತಿ, ಆಗಾಗ ತಾನೇ ಬಾಗಿಲು ತೆಗೆದು ನೋಡುವುದು ಇನ್ನೊಂದು ರೀತಿ. ಫೋಲ್ಡರನ್ನು ಕಾಯುವ ಸೌಕರ್ಯಗಳು ಮೊದಲ ರೀತಿಯವು: ವಿಂಡೋಸ್‌ನಲ್ಲಿ ಫೈಲ್‌ಸಿಸ್ಟಮ್‌ವಾಚರ್, ಲಿನಕ್ಸ್‌ನಲ್ಲಿ ಐನೋಟಿಫೈ, ಪೈಥಾನ್‌ನಲ್ಲಿ ವಾಚ್‌ಡಾಗ್. ಚುರುಕಾಗಿವೆ, ಆದರೆ ಪ್ರೋಗ್ರಾಮು ನಿಂತಿದ್ದಾಗ ಬಂದ ಫೈಲಿನ ಸುದ್ದಿ ಅವಕ್ಕೆ ಎಂದೂ ತಿಳಿಯುವುದಿಲ್ಲ. ಫೈಲ್‌ಸಿಸ್ಟಮ್‌ವಾಚರ್ ಸುದ್ದಿಗಳನ್ನು ಇಟ್ಟುಕೊಳ್ಳುವ ಜಾಗ ಮೊದಲಿಗೆ 8192 ಬೈಟು ಮಾತ್ರ. ಒಂದು ಸುದ್ದಿಗೆ 16 ಬೈಟು, ಜೊತೆಗೆ ಹೆಸರಿನ ಒಂದೊಂದು ಅಕ್ಷರಕ್ಕೆ 2 ಬೈಟು. 40 ಅಕ್ಷರದ ಹೆಸರಾದರೆ 85 ಸುದ್ದಿಗೇ ಜಾಗ ತುಂಬುತ್ತದೆ. ಪ್ರೋಗ್ರಾಮು ಅಷ್ಟರೊಳಗೆ ಅವನ್ನು ಎತ್ತಿಕೊಳ್ಳದಿದ್ದರೆ ಸುದ್ದಿಗಳು ಕಳೆದುಹೋಗುತ್ತವೆ. ಇನ್ನೂರು ಫೈಲನ್ನು ಒಟ್ಟಿಗೆ ನಕಲು ಮಾಡಿ ಹಾಕಿದ ದಿನ ನಮೂದು ಕಡಿಮೆ ಬೀಳುವುದಕ್ಕೆ ಇದೇ ಕಾರಣ.

ನಿಮ್ಮ ಪ್ರಮಾಣಕ್ಕೆ ಕಾಯುವ ಪ್ರೋಗ್ರಾಮೇ ಬೇಡ. ನಿಮಿಷಕ್ಕೊಮ್ಮೆ ‘ಒಳಬಂದದ್ದು’ ಫೋಲ್ಡರಿನಲ್ಲಿರುವ ಅಷ್ಟನ್ನೂ ಓದಿ ತಾಳೆ ನೋಡುವ ಪ್ರೋಗ್ರಾಮು ಇರಲಿ. ಮುಗಿದ ಫೈಲುಗಳು ಹೊರಗೆ ಹೋಗುತ್ತಿರುವುದರಿಂದ ಅಲ್ಲಿ ಎಂದೂ ಹೆಚ್ಚು ಇರುವುದಿಲ್ಲ, ನೋಡಲು ಒಂದು ಸೆಕೆಂಡೂ ಹಿಡಿಯದು. ಸಾವಿರಾರು ಫೈಲು ಬರುವವರು ಕಾಯುವ ಪ್ರೋಗ್ರಾಮು ಇಟ್ಟುಕೊಳ್ಳಲಿ, ಆದರೆ ಅವರಿಗೂ ತಾಳೆ ತಪ್ಪಿದ್ದಲ್ಲ. ಫೋಲ್ಡರಿನಲ್ಲಿ ಏನಿದೆಯೋ ಅದೇ ನಿಜ, ಬಂದ ಸುದ್ದಿ ಬರೀ ಸೂಚನೆ. ಸಂಜೆಗೆ ಒಂದು ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆದಿಡಿ: ಇವತ್ತಿನ ಮೊದಲ ಲಾಟ್ ನಂಬರಿನಿಂದ ಕೊನೆಯದರವರೆಗೆ ನಡುವೆ ಯಾವ ನಂಬರು ಇಲ್ಲ ಎಂದು ಅದು ತೋರಿಸಲಿ. ಲೆಕ್ಕ ತಪ್ಪಿದಾಗ ಯಾವ ಚೀಟಿ ಎಂದು ಹುಡುಕುವ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಮುದ್ರಣಾಲಯ. ಗಿರಾಕಿಗಳ ಪಿಡಿಎಫ್ ಫೋಲ್ಡರಿಗೆ ಬಂದೊಡನೆ ನಮೂದಾಗುವ ಪ್ರೋಗ್ರಾಮು ಇದೆ. ಆದರೆ ಕೆಲವು ನಮೂದುಗಳಲ್ಲಿ ಪುಟಗಳ ಸಂಖ್ಯೆ ಸೊನ್ನೆ ಬರುತ್ತದೆ, ಅದೇ ಫೈಲನ್ನು ಆಮೇಲೆ ತೆರೆದರೆ ಚೆನ್ನಾಗಿಯೇ ಇರುತ್ತದೆ. ಗಾತ್ರ ಎರಡು ಸಲ ನೋಡಿ ಒಂದೇ ಇದ್ದರೆ ಮುಂದುವರಿಸುವಂತೆ ಮಾಡಿದರೂ ಹೋಗಿಲ್ಲ.
— ಮುದ್ರಕರು, ಮೈಸೂರು

ಉತ್ತರ: ಫೈಲು ಹುಟ್ಟಿದೆ ಎಂಬ ಸುದ್ದಿ ಬರುವುದು ನಕಲು ಶುರುವಾದಾಗ, ಮುಗಿದಾಗ ಅಲ್ಲ. ನಿಮ್ಮ ಪ್ರೋಗ್ರಾಮು ಅರ್ಧ ಬಂದ ಫೈಲನ್ನು ಓದುತ್ತಿದೆ. ಗಾತ್ರ ನೋಡುವ ಉಪಾಯ ವಿಂಡೋಸ್‌ನಲ್ಲಿ ಕೈಕೊಡುತ್ತದೆ: ಎಕ್ಸ್‌ಪ್ಲೋರರ್ ನಕಲು ಮಾಡುವಾಗ ಪೂರ್ತಿ ಗಾತ್ರವನ್ನು ಮೊದಲೇ ಕಾದಿರಿಸಿ, ಆಮೇಲೆ ಒಳಗೆ ತುಂಬಿಸುತ್ತಾ ಹೋಗುತ್ತದೆ. 80 ಎಂಬಿ ಫೈಲು ಮೊದಲ ಕ್ಷಣದಿಂದಲೇ 80 ಎಂಬಿ ಎಂದು ತೋರಿಸುತ್ತದೆ, ಒಳಗೆ ಇನ್ನೂ ಸೊನ್ನೆಗಳೇ. ಸ್ಕ್ಯಾನರಿನದು ಇದರ ತದ್ವಿರುದ್ಧ. ಗಾಜಿನ ಮೇಲೆ ಮುಂದಿನ ಹಾಳೆ ಇಡುವವರೆಗೆ ಗಾತ್ರ ಬೆಳೆಯದೆ ನಿಂತಿರುತ್ತದೆ, ಫೈಲು ಮುಗಿದಿರುವುದಿಲ್ಲ.

ವಿಂಡೋಸ್‌ನಲ್ಲಿ ನಂಬಬಹುದಾದ ಪರೀಕ್ಷೆ ಎಂದರೆ ಫೈಲನ್ನು ಯಾರೊಡನೆಯೂ ಹಂಚಿಕೊಳ್ಳದಂತೆ ತೆರೆಯಲು ಯತ್ನಿಸುವುದು. ಡಾಟ್‌ನೆಟ್‌ನಲ್ಲಿ ‘ಫೈಲ್‌ಶೇರ್’ ಎಂಬಲ್ಲಿ ‘ನನ್’ ಎಂದು ಕೊಟ್ಟರೆ ಆಯಿತು. ಬೇರೆ ಯಾರಾದರೂ ಬರೆಯುತ್ತಿದ್ದರೆ ತೆರೆಯುವುದಿಲ್ಲ, ಮುಂದಿನ ಸುತ್ತಿಗೆ ಬಿಟ್ಟುಬಿಡಿ. ಲಿನಕ್ಸ್‌ನಲ್ಲಿ ಈ ಬೀಗ ಹೀಗೆ ಕೆಲಸ ಮಾಡುವುದಿಲ್ಲ. ಅಲ್ಲಿ ‘ಕ್ರಿಯೇಟ್’ ಸುದ್ದಿಯನ್ನು ಬಿಟ್ಟು ‘ಕ್ಲೋಸ್ ರೈಟ್’ ಮತ್ತು ‘ಮೂವ್ಡ್ ಟು’ ಎರಡನ್ನೇ ಕೇಳಿಸಿಕೊಳ್ಳಿ.

ಕಳಿಸುವ ಕಡೆಯ ಪ್ರೋಗ್ರಾಮು ನಿಮ್ಮ ಕೈಯಲ್ಲೇ ಇದ್ದರೆ ಎಲ್ಲಕ್ಕಿಂತ ಒಳ್ಳೆಯ ದಾರಿ ಬೇರೆ. ‘ಪಾರ್ಟ್’ ಎಂಬ ಬಾಲದೊಡನೆ ಬರೆಯಿಸಿ, ಮುಗಿದ ಮೇಲೆ ಸರಿಯಾದ ಹೆಸರಿಗೆ ಬದಲಿಸಿ. ಹೆಸರು ಬದಲಾಗುವುದು ಒಂದೇ ಏಟಿಗೆ ಆಗುವ ಕೆಲಸ, ನಡುವಿನ ಸ್ಥಿತಿ ಎಂಬುದಿಲ್ಲ. ನಿಮ್ಮ ಪ್ರೋಗ್ರಾಮು ಪಾರ್ಟ್ ಬಾಲದವನ್ನು ಮುಟ್ಟದಿದ್ದರೆ ಸರಿ.

ಇದರ ಮೇಲೆ ಒಳಗನ್ನೂ ನೋಡಿ. ಸರಿಯಾದ ಪಿಡಿಎಫ್‌ನ ಕೊನೆಯ 1024 ಬೈಟುಗಳೊಳಗೆ ಎರಡು ಶೇಕಡ ಚಿಹ್ನೆ ಮತ್ತು ‘ಇಒಎಫ್’ ಎಂಬ ಗುರುತು ಇರುತ್ತದೆ. ಅದು ಕಾಣದಿದ್ದರೆ ಗಿರಾಕಿಯ ಅಪ್‌ಲೋಡೇ ಅರ್ಧಕ್ಕೆ ನಿಂತಿರಬಹುದು. ಜೆಪೆಗ್‌ಗೂ ಕೊನೆಯ ಗುರುತಿದೆ, ಆದರೆ ಈಗಿನ ಕೆಲವು ಫೋನುಗಳು ಅದರಾಚೆ ಚಿಕ್ಕ ವಿಡಿಯೊ ತುಣುಕನ್ನು ಅಂಟಿಸುತ್ತವೆ. ಕೊನೆಯ ಎರಡೇ ಬೈಟು ನೋಡಿ ಫೋಟೊವನ್ನು ತಳ್ಳಿಹಾಕಬೇಡಿ.

ಪ್ರಶ್ನೆ: ಸರಸ್ವತಿಪುರಂನಲ್ಲಿ ನಮ್ಮ ಚಿಕ್ಕ ವಾಚನಾಲಯದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಡುತ್ತಿದ್ದೇವೆ. ಹೆಸರುಗಳೆಲ್ಲ ಕನ್ನಡದಲ್ಲಿವೆ. ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸಿನಲ್ಲಿ ಮ್ಯಾಕ್ರೊ (ಚಿಕ್ಕ ಪ್ರೋಗ್ರಾಮು) ಬರೆದು ಫೋಲ್ಡರ್ ಓದಿಸಿದರೆ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಪೈಥಾನ್‌ನಲ್ಲಿ ಮಾಡಿದರೆ ಹೆಸರು ಬರುತ್ತದೆ, ಆದರೆ ‘ಶ್ರೀರಂಗಪಟ್ಟಣದ ಕೋಟೆ’ ಎಂದು ಹುಡುಕಿದರೆ ಎರಡರಲ್ಲಿ ಒಂದೇ ಸಿಗುತ್ತದೆ. ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿಬಿಡಿ ಎಂದು ಕೆಲವರು ಹೇಳುತ್ತಾರೆ.
— ವಾಚನಾಲಯದ ಕಾರ್ಯಕರ್ತೆ, ಮೈಸೂರು

ಉತ್ತರ: ಬದಲಿಸಬೇಡಿ ಮೇಡಂ. ಕನ್ನಡದ ಹೆಸರಿನಲ್ಲಿ ತಪ್ಪೇನೂ ಇಲ್ಲ, ತೊಡಕಿರುವುದು ಓದುವ ರೀತಿಯಲ್ಲಿ. ಎರಡು ತೊಂದರೆ, ಎರಡಕ್ಕೂ ಪಕ್ಕಾ ಪರಿಹಾರ ಇದೆ.

ಆಕ್ಸೆಸ್‌ನ ಮ್ಯಾಕ್ರೊ ಭಾಷೆಯಲ್ಲಿ ಫೋಲ್ಡರ್ ಓದುವ ‘ಡಿರ್’ ಎಂಬ ಹಳೆಯ ಫಂಕ್ಷನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಅರಿಯದು. ಹೆಸರನ್ನು ವಿಂಡೋಸ್‌ನ ಹಳೆಯ ಎಎನ್‌ಎಸ್‌ಐ ಸಂಕೇತಪಟ್ಟಿಗೆ ಇಳಿಸುತ್ತದೆ, ಅಲ್ಲಿ ಸಿಗದ ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಎಎನ್‌ಎಸ್‌ಐ ಪಟ್ಟಿ ಇಲ್ಲವೇ ಇಲ್ಲ, ನಮ್ಮ ಭಾಷೆ ಅಲ್ಲಿಗೆ ಬಂದದ್ದೇ ಯೂನಿಕೋಡ್ ಮೂಲಕ. ಅದಕ್ಕೇ ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೂ ಚಿಹ್ನೆ ಹೋಗುವುದಿಲ್ಲ. ‘ಡಿರ್’ ಬದಲು ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ ಬಳಸಿ, ಅದು ಯೂನಿಕೋಡ್ ಬಲ್ಲದು. ನಕಲು, ಸರಿಸುವುದು, ಅಳಿಸುವುದು ಎಲ್ಲವನ್ನೂ ಅದರ ಮೂಲಕವೇ ಮಾಡಿ. ‘ಫೈಲ್‌ಕಾಪಿ’, ‘ನೇಮ್’, ‘ಕಿಲ್’ ಇವೂ ಹಳೆಯ ಬಳಗದವೇ. ಸರಿಮಾಡಿದ ಮೇಲೂ ಸಂದೇಶದ ಪೆಟ್ಟಿಗೆಯಲ್ಲಿ ಪ್ರಶ್ನಾರ್ಥಕವೇ ಕಂಡರೆ ಗಾಬರಿಯಾಗಬೇಡಿ, ಆ ಪೆಟ್ಟಿಗೆಗೂ ಅದೇ ಮಿತಿ. ಟೇಬಲ್ಲನ್ನು ತೆರೆದು ನೋಡಿ, ಅಲ್ಲಿ ಕನ್ನಡ ಸರಿಯಾಗಿರುತ್ತದೆ.

ಎರಡನೆಯದು ಹುಡುಕಾಟದ್ದು. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ‘ಕ’ ಆದಮೇಲೆ ಓಕಾರದ ಒಂದೇ ಸಂಕೇತ ಇಡುವುದು ಒಂದು. ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಸಂಕೇತ ಸಾಲಾಗಿ ಇಡುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ. ‘ಶ್ರೀ’ಯಲ್ಲಿರುವ ಈಕಾರಕ್ಕೂ, ಏಕಾರ, ಐಕಾರ, ಒಕಾರಗಳಿಗೂ ಇದೇ ಕಥೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ಪದ್ಧತಿ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ನಿಮ್ಮ ಎರಡು ಕೋಟೆಗಳಲ್ಲಿ ಒಂದು ಮ್ಯಾಕ್‌ನಿಂದ ಬಂದಿರುವ ಸಂಭವ ಹೆಚ್ಚು. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಎಂಬ ಭಾಗದಲ್ಲಿ ‘ನಾರ್ಮಲೈಸ್’ ಎಂಬುದಿದೆ, ಅದಕ್ಕೆ ‘ಎನ್‌ಎಫ್‌ಸಿ’ ಎಂದು ಹೇಳಿದರೆ ಬಿಡಿಸಿದ್ದನ್ನೆಲ್ಲ ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಹುಡುಕಲು ಟೈಪ್ ಮಾಡಿದ ಪದವನ್ನೂ ಅದರಲ್ಲೇ ಹಾಯಿಸಿ.

ಆದರೆ ಒಂದು ಎಚ್ಚರ. ಹೀಗೆ ಸರಿಮಾಡಿದ ಹೆಸರನ್ನು ಬೇರೆ ಕಾಲಂನಲ್ಲಿಡಿ, ಮೂಲ ಹೆಸರನ್ನು ಇದ್ದ ಹಾಗೇ ಉಳಿಸಿ. ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಈ ಎರಡು ರೂಪಗಳು ಬೇರೆ ಬೇರೆ ಹೆಸರುಗಳೇ. ಸರಿಮಾಡಿದ ಹೆಸರು ಹಿಡಿದು ಫೈಲನ್ನು ತೆರೆಯಲು ಹೋದರೆ ಫೈಲೇ ಇಲ್ಲ ಎನ್ನುತ್ತದೆ.

ಎನ್‌ಎಫ್‌ಸಿಗೂ ಸಿಕ್ಕದ್ದು ಒಂದಿದೆ. ಒತ್ತಕ್ಷರವಾಗದಂತೆ ತಡೆಯಲು ಟೈಪ್ ಮಾಡುವ, ಕಣ್ಣಿಗೆ ಕಾಣದ ಸಂಕೇತ ಅದು. ‘ಆಫೀಸ್’ ಎಂಬ ಪದದ ಕೊನೆಗೆ ಅದು ಇದ್ದರೂ ಇಲ್ಲದಿದ್ದರೂ ಪರದೆಯಲ್ಲಿ ಒಂದೇ ರೀತಿ ಕಾಣುತ್ತದೆ, ಹೋಲಿಸಿದರೆ ಬೇರೆ. ಹುಡುಕುವ ಕಾಲಂನಿಂದ ಯು ಪ್ಲಸ್ 200ಸಿ ಮತ್ತು 200ಡಿ ಸಂಕೇತಗಳನ್ನು ತೆಗೆದುಹಾಕಿ. ಕನ್ನಡ ಅಂಕಿಗಳ ಬಗ್ಗೆ ಚಿಂತೆ ಬೇಡ: ಪೈಥಾನ್ ‘೧೯೭೩’ ಎಂಬುದನ್ನು ನೇರವಾಗಿ 1973 ಎಂಬ ಸಂಖ್ಯೆಯಾಗಿ ಓದುತ್ತದೆ. ಆಕ್ಸೆಸ್‌ನ ‘ವಾಲ್’ ಓದುವುದಿಲ್ಲ, ಅಲ್ಲಿ ನೀವೇ ಒಂದೊಂದು ಅಂಕಿಯನ್ನು ಬದಲಿಸಬೇಕು.

ಹೆಸರಿನ ಉದ್ದವೂ ಮುಖ್ಯ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟು ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ಅಂದರೆ 85 ಸಂಕೇತ. ‘ಶ್ರೀ’ ಒಂದಕ್ಕೇ ನಾಲ್ಕು ಸಂಕೇತ, 12 ಬೈಟು. ವಿಂಡೋಸ್‌ನ ಮಿತಿ 255 ಸಂಕೇತಗಳಾದ್ದರಿಂದ ಅಲ್ಲಿ ಸಲೀಸಾಗಿ ಕೂತ ಉದ್ದದ ಹೆಸರು, ನೆಟ್‌ವರ್ಕ್‌ನ ಲಿನಕ್ಸ್ ಪೆಟ್ಟಿಗೆಗೆ ನಕಲಾಗದೆ ನಿಲ್ಲುತ್ತದೆ. ಹೆಸರನ್ನು ಚಿಕ್ಕದಾಗಿಡಿ, ವಿವರವನ್ನು ಡೇಟಾಬೇಸಿನಲ್ಲಿ ಬರೆಯಿರಿ.

ಪ್ರಶ್ನೆ: ಪ್ರೋಗ್ರಾಮನ್ನು ನಾನೇ ಓಡಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದರೆ ಏನೂ ಆಗುವುದಿಲ್ಲ. ನೆಟ್‌ವರ್ಕ್ ಫೋಲ್ಡರಿನಿಂದ ಓದಬೇಕು.
— ಓದುಗರು, ಮದ್ದೂರು

ಉತ್ತರ: ‘ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಓಡಿಸು’ ಎಂದು ಆರಿಸಿದಾಗ ಪ್ರೋಗ್ರಾಮು ನಿಮ್ಮ ಪರದೆಯಿಂದ ಬೇರೆಯಾದ ಲಾಗಿನ್‌ನಲ್ಲಿ ಓಡುತ್ತದೆ. ನೆಟ್‌ವರ್ಕ್ ಫೋಲ್ಡರಿಗೆ ಜೆಡ್ ಎಂಬಂಥ ಅಕ್ಷರ ಕೊಟ್ಟು ನೀವು ಜೋಡಿಸಿಟ್ಟ ಡ್ರೈವು ಅಲ್ಲಿ ಇರುವುದಿಲ್ಲ. ಡ್ರೈವಿನ ಅಕ್ಷರ ಬಿಟ್ಟು, ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗಿ ಸರ್ವರಿನ ಹೆಸರು, ಆಮೇಲೆ ಫೋಲ್ಡರಿನ ಹೆಸರು ಬರುವ ಪೂರ್ತಿ ವಿಳಾಸ ಕೊಡಿ. ‘ಸ್ಟಾರ್ಟ್ ಇನ್’ ಪೆಟ್ಟಿಗೆಯನ್ನು ಖಾಲಿ ಬಿಟ್ಟಿದ್ದರೆ ಪ್ರೋಗ್ರಾಮು ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿ ನಿಂತು ನಿಮ್ಮ ಡೇಟಾಬೇಸನ್ನು ಹುಡುಕುತ್ತಿರುತ್ತದೆ, ಅಲ್ಲಿಗೆ ನಿಮ್ಮ ಪ್ರೋಗ್ರಾಮಿನ ಫೋಲ್ಡರನ್ನು ಬರೆಯಿರಿ.

ಲ್ಯಾಪ್‌ಟಾಪ್ ಬಳಸುವವರು ‘ಕಂಡಿಷನ್ಸ್’ ಪುಟವನ್ನು ನೋಡಲೇಬೇಕು. ಕರೆಂಟಿನಲ್ಲಿದ್ದಾಗ ಮಾತ್ರ ಶುರು ಮಾಡು, ಬ್ಯಾಟರಿಗೆ ಬಂದರೆ ನಿಲ್ಲಿಸು ಎಂಬ ಎರಡೂ ಗುರುತು ಮೊದಲಿನಿಂದಲೇ ಹಾಕಿರುತ್ತವೆ. ಕರೆಂಟು ಹೋದ ಹೊತ್ತಿನಲ್ಲಷ್ಟೇ ನಮೂದು ನಿಂತಿದೆ ಎಂದರೆ ಇದೇ. ಎರಡನ್ನೂ ತೆಗೆಯಿರಿ. ‘ಸೆಟ್ಟಿಂಗ್ಸ್’ ಪುಟದಲ್ಲಿ ‘ಆಗಲೇ ಓಡುತ್ತಿದ್ದರೆ ಹೊಸದನ್ನು ಶುರು ಮಾಡಬೇಡ’ ಎಂಬುದು ಇರಲಿ, ಇಲ್ಲದಿದ್ದರೆ ಎರಡು ಓಟಗಳು ಒಂದೇ ಫೈಲಿಗೆ ಕೈಹಾಕುತ್ತವೆ. ಆಕ್ಸೆಸ್ ಮ್ಯಾಕ್ರೊವನ್ನು ಹೀಗೆ ಓಡಿಸುವುದು ಬೇಡ. ಯಾವುದೋ ತಪ್ಪಿಗೆ ಅದು ಸಂದೇಶದ ಪೆಟ್ಟಿಗೆ ತೆರೆದರೆ ಕಾಣದ ಪರದೆಯಲ್ಲಿ ‘ಓಕೆ’ ಒತ್ತುವವರು ಯಾರೂ ಇಲ್ಲದೆ ದಿನಗಟ್ಟಲೆ ನಿಂತಿರುತ್ತದೆ.

ಪ್ರಶ್ನೆ: ಕಚೇರಿಯ ಫೈಲುಗಳು ಲಿನಕ್ಸ್ ಸರ್ವರಿನಲ್ಲಿವೆ. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಆ ಫೋಲ್ಡರನ್ನು ಜೋಡಿಸಿಕೊಂಡು ಐನೋಟಿಫೈ ಹಾಕಿದ್ದೇನೆ. ಬೇರೆಯವರು ಫೈಲು ಹಾಕಿದರೆ ಸುದ್ದಿಯೇ ಬರುವುದಿಲ್ಲ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬರುವುದೂ ಇಲ್ಲ. 2005ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ 2.6.13ನೇ ಆವೃತ್ತಿಯೊಡನೆ ಬಂದ ಐನೋಟಿಫೈ ತನ್ನದೇ ಕರ್ನೆಲ್ ಮೂಲಕ ಆದ ಬದಲಾವಣೆಯನ್ನಷ್ಟೇ ಹೇಳುತ್ತದೆ. ಬೇರೆ ಕಂಪ್ಯೂಟರು ಸರ್ವರಿಗೆ ಬರೆದದ್ದು ನಿಮ್ಮ ಕರ್ನೆಲ್‌ಗೆ ತಿಳಿಯದು. ಪ್ರೋಗ್ರಾಮನ್ನು ಸರ್ವರಿನಲ್ಲೇ ಓಡಿಸಿ: ಸಾಂಬಾ (ವಿಂಡೋಸ್ ಕಂಪ್ಯೂಟರುಗಳೊಡನೆ ಫೋಲ್ಡರು ಹಂಚಿಕೊಳ್ಳುವ ಸಾಫ್ಟ್‌ವೇರು) ಮೂಲಕ ಬಂದ ಫೈಲನ್ನೂ ಅಲ್ಲಿ ಸ್ಥಳೀಯವಾಗಿಯೇ ಬರೆಯಲಾಗುವುದರಿಂದ ಸುದ್ದಿ ಬರುತ್ತದೆ. ಅದು ಆಗದಿದ್ದರೆ ವಾಚ್‌ಡಾಗ್‌ನ ‘ಪೋಲಿಂಗ್ ಅಬ್ಸರ್ವರ್’ ಬಳಸಿ, ಅದು ಆಗಾಗ ತಾನೇ ಫೋಲ್ಡರನ್ನು ನೋಡುತ್ತದೆ.

ಐನೋಟಿಫೈ ಒಳಫೋಲ್ಡರುಗಳನ್ನು ತಾನಾಗಿ ನೋಡುವುದಿಲ್ಲ, ಒಂದೊಂದಕ್ಕೂ ಬೇರೆ ಕಾವಲು ಹಾಕಬೇಕು. ಹಳೆಯ ಕರ್ನೆಲ್‌ಗಳಲ್ಲಿ ಇದರ ಮಿತಿ 8192. ಮಿತಿ ಮುಗಿದರೆ ‘ಸಾಧನದಲ್ಲಿ ಜಾಗವಿಲ್ಲ’ ಎಂಬ ತಪ್ಪು ಬರುತ್ತದೆ, ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿದ್ದರೂ. ‘ಮ್ಯಾಕ್ಸ್ ಯೂಸರ್ ವಾಚಸ್’ ಎಂಬ ಸೆಟ್ಟಿಂಗಿನ ಸಂಖ್ಯೆಯನ್ನು ಹೆಚ್ಚಿಸಿ. ನಿಮ್ಮ ಎಸ್‌ಕ್ಯೂಲೈಟ್ ಫೈಲು ಕೂಡ ನೆಟ್‌ವರ್ಕ್ ಫೋಲ್ಡರಿನಲ್ಲಿದ್ದರೆ ಇವತ್ತೇ ಅಲ್ಲಿಂದ ತೆಗೆಯಿರಿ. ನೆಟ್‌ವರ್ಕ್‌ನಲ್ಲಿ ಫೈಲಿನ ಬೀಗಗಳನ್ನು ನಂಬುವಂತಿಲ್ಲ, ಇಬ್ಬರು ಒಟ್ಟಿಗೆ ಬರೆದರೆ ಡೇಟಾಬೇಸು ಕೆಡಬಹುದು. ಹಲವರು ಬರೆಯುವ ಕಡೆ ಪೋಸ್ಟ್‌ಗ್ರೆಸ್ ಅಥವಾ ಮರಿಯಾಡಿಬಿಯಂಥ ಸರ್ವರ್ ಡೇಟಾಬೇಸು ಇರಲಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಮಕ್ಕಳ ಯೋಜನಾ ಕೆಲಸದ ಫೋಟೊಗಳು ಗೂಗಲ್ ಡ್ರೈವಿನ ಒಂದು ಫೋಲ್ಡರಿಗೆ ಬರುತ್ತವೆ. ಅವು ಶೀಟ್‌ನಲ್ಲಿ ತಾನಾಗಿ ಸಾಲುಸಾಲಾಗಿ ಬರುವಂತೆ ಮಾಡಬಹುದೇ? ಫೋಟೊ ತೆಗೆದ ತಾರೀಖೂ ಬೇಕು.
— ಶಿಕ್ಷಕಿ, ಪಾಂಡವಪುರ

ಉತ್ತರ: ಮಾಡಬಹುದು. ಎಲ್ಲಕ್ಕಿಂತ ಸುಲಭದ್ದು ಗೂಗಲ್ ಫಾರ್ಮ್. ಅದರಲ್ಲಿ ‘ಫೈಲ್ ಅಪ್‌ಲೋಡ್’ ಪ್ರಶ್ನೆ ಇಟ್ಟರೆ ಫೈಲು ಡ್ರೈವಿಗೂ, ಸಾಲು ಶೀಟಿಗೂ ತಾವೇ ಹೋಗುತ್ತವೆ. ಕಳಿಸುವವರು ಗೂಗಲ್ ಖಾತೆಯಿಂದ ಲಾಗಿನ್ ಆಗಿರಬೇಕು, ಅದೊಂದೇ ತೊಡಕು.

ಫೋಲ್ಡರಿಗೇ ಹಾಕುವುದಾದರೆ ಗೂಗಲ್‌ನದೇ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಬರೆದ ಚಿಕ್ಕ ಪ್ರೋಗ್ರಾಮು ಬೇಕು. ಡ್ರೈವಿನ ಫೋಲ್ಡರಿಗೆ ಫೈಲು ಬಂದಾಗ ತಾನಾಗಿ ಏಳುವ ಟ್ರಿಗರ್ ಅದರಲ್ಲಿ ಇಲ್ಲ, ಹೊತ್ತಿಗೆ ತಕ್ಕಂತೆ ಓಡುವ ಟ್ರಿಗರ್ ಇದೆ. ಸಾಮಾನ್ಯ ಖಾತೆಗೆ ಒಂದು ಓಟಕ್ಕೆ 6 ನಿಮಿಷ, ಟ್ರಿಗರುಗಳೆಲ್ಲ ಸೇರಿ ದಿನಕ್ಕೆ 90 ನಿಮಿಷ ಮಿತಿ. 5 ನಿಮಿಷಕ್ಕೊಮ್ಮೆ ಓಡಿಸಿದರೆ ದಿನಕ್ಕೆ 288 ಓಟ, ಒಂದೊಂದಕ್ಕೆ 19 ಸೆಕೆಂಡೂ ಸಿಗದು. 15 ನಿಮಿಷಕ್ಕೊಮ್ಮೆ ಇಟ್ಟರೆ 56 ಸೆಕೆಂಡು ಸಿಗುತ್ತದೆ, ಶಾಲೆಯ ಕೆಲಸಕ್ಕೆ ಅಷ್ಟು ಸಾಕು. ಗುರುತಾಗಿ ಹೆಸರನ್ನು ಬಳಸಬೇಡಿ, ಡ್ರೈವು ಒಂದೇ ಹೆಸರಿನ ಎರಡು ಫೈಲುಗಳನ್ನು ಬಿಡುತ್ತದೆ. ಫೈಲಿನ ಐಡಿಯನ್ನು ಬಳಸಿ, ಹೆಸರು ಬದಲಿಸಿದರೂ ಬೇರೆ ಫೋಲ್ಡರಿಗೆ ಸರಿಸಿದರೂ ಅದು ಬದಲಾಗುವುದಿಲ್ಲ. ಶೀಟಿನಲ್ಲಿರುವ ಐಡಿಗಳನ್ನೆಲ್ಲ ಒಂದೇ ಸಲ ಓದಿಕೊಳ್ಳಿ, ಫೋಲ್ಡರಿನ ಐಡಿಗಳೊಡನೆ ಹೋಲಿಸಿ, ಇಲ್ಲದವನ್ನೆಲ್ಲ ಒಟ್ಟಿಗೆ ಬರೆಯಿರಿ. ಒಂದೊಂದು ಸಾಲಿಗೆ ಒಂದೊಂದು ಸಲ ಬರೆದರೆ ಸಮಯವೆಲ್ಲ ಅದಕ್ಕೇ ಹೋಗುತ್ತದೆ.

ತಾರೀಖಿನ ವಿಚಾರ ಸೂಕ್ಷ್ಮ. ಕ್ಯಾಮೆರಾ ಫೋಟೊದೊಳಗೆ ಬರೆಯುವ ಎಕ್ಸಿಫ್ ಮಾಹಿತಿಯ ತಾರೀಖೇ ನಂಬಲು ಯೋಗ್ಯ. ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಅಳಿಸಿಹೋಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಉಳಿಯುತ್ತದೆ. ಮಕ್ಕಳ ಪೋಷಕರಿಗೆ ಹಾಗೆ ಕಳಿಸಲು ಹೇಳಿ. ಮಕ್ಕಳ ಮುಖವಿರುವ ಫೋಟೊಗಳೂ ಇರಬಹುದಾದ್ದರಿಂದ ಫೋಲ್ಡರನ್ನು ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಬಿಡಬೇಡಿ.

ಪ್ರಶ್ನೆ: ಫೋಲ್ಡರಿನಿಂದ ಫೈಲು ಅಳಿಸಿದರೆ ನಮೂದನ್ನೂ ತಾನಾಗಿ ಅಳಿಸುವಂತೆ ಮಾಡಬೇಕೇ? ಫೈಲನ್ನೇ ಡೇಟಾಬೇಸಿನೊಳಗೆ ಇಟ್ಟುಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ?
— ಓದುಗರು, ನಂಜನಗೂಡು

ಉತ್ತರ: ಅಳಿಸಬೇಡಿ. ಸ್ಥಿತಿಯ ಕಾಲಂನಲ್ಲಿ ‘ಕಾಣುತ್ತಿಲ್ಲ’ ಎಂದು ತಾರೀಖಿನೊಡನೆ ಬರೆಯಿರಿ, ಸಾಲು ಇರಲಿ. ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದ್ದರೆ ಮುಂದಿನ ತಾಳೆಯಲ್ಲಿ ಅದೇ ಎಸ್‌ಎಚ್‌ಎ ಗುರುತು ಹೊಸ ಜಾಗದಲ್ಲಿ ಸಿಗುತ್ತದೆ, ಆಗ ಹೊಸ ಸಾಲು ಸೇರಿಸದೆ ದಾರಿಯನ್ನಷ್ಟೇ ತಿದ್ದಿ.

ಇದಕ್ಕಿಂತ ದೊಡ್ಡ ಅಪಾಯ ಹಾರ್ಡ್‌ಡಿಸ್ಕೋ ನೆಟ್‌ವರ್ಕ್ ಫೋಲ್ಡರೋ ಜೋಡಣೆಯಾಗದ ದಿನ ಬರುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕ್ ಜೋಡಿಸದಿದ್ದರೂ ಆ ಜಾಗದ ಖಾಲಿ ಫೋಲ್ಡರು ಇದ್ದೇ ಇರುತ್ತದೆ. ಪ್ರೋಗ್ರಾಮು ಅದನ್ನು ನೋಡಿ, ಫೈಲುಗಳೆಲ್ಲ ಹೋಗಿವೆ ಎಂದು ತಿಳಿದು ಪೂರ್ತಿ ಟೇಬಲ್ಲನ್ನು ಒರೆಸಿಹಾಕುತ್ತದೆ. ಮುಖ್ಯ ಫೋಲ್ಡರಿನೊಳಗೆ ‘ಇಲ್ಲಿದೆ’ ಎಂಬ ಹೆಸರಿನ ಚಿಕ್ಕ ಫೈಲೊಂದನ್ನು ಇಡಿ. ಪ್ರತಿ ಓಟದಲ್ಲಿ ಮೊದಲು ಅದನ್ನು ಹುಡುಕಿ, ಕಾಣದಿದ್ದರೆ ಏನನ್ನೂ ಮುಟ್ಟದೆ ನಿಲ್ಲಲಿ. ಒಂದೇ ಓಟದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಫೈಲು ಕಾಣೆಯಾದರೂ ನಿಂತು ನಿಮಗೆ ತಿಳಿಸಲಿ.

ಫೈಲನ್ನು ಡೇಟಾಬೇಸಿನೊಳಗೆ ಇಡುವುದು ನೂರಿನ್ನೂರು ಚಿಕ್ಕ ಫೈಲಿಗೆ ಸರಿ, ಸ್ಕ್ಯಾನ್‌ಗಳಿಗಲ್ಲ. ಆಕ್ಸೆಸ್‌ನ ಒಂದು ಡೇಟಾಬೇಸಿಗೆ 2 ಜಿಬಿ ಮಿತಿ. 1 ಎಂಬಿಯ ಪಿಡಿಎಫ್‌ಗಳಾದರೆ ಸುಮಾರು ಎರಡು ಸಾವಿರಕ್ಕೆ ತುಂಬಿತು. ಫೈಲು ಫೋಲ್ಡರಿನಲ್ಲಿರಲಿ, ವಿವರ ಮತ್ತು ಗುರುತು ಡೇಟಾಬೇಸಿನಲ್ಲಿರಲಿ. ಬ್ಯಾಕಪ್ ತೆಗೆಯುವಾಗ ಡೇಟಾಬೇಸನ್ನು ಮೊದಲು, ಫೋಲ್ಡರನ್ನು ಆಮೇಲೆ ತೆಗೆಯಿರಿ. ಆಗ ನಡುವೆ ಬಂದ ಫೈಲಿಗೆ ಬ್ಯಾಕಪ್‌ನಲ್ಲಿ ನಮೂದು ಇಲ್ಲದಿದ್ದರೂ ಫೈಲಂತೂ ಇರುತ್ತದೆ. ಬ್ಯಾಕಪ್‌ನಿಂದ ಮರಳಿ ತಂದ ದಿನ ಒಂದು ಸಲ ‘ಮುಗಿದದ್ದು’ ಫೋಲ್ಡರನ್ನೂ ಸೇರಿಸಿ ತಾಳೆ ಓಡಿಸಿದರೆ ಆ ನಮೂದುಗಳು ತಾವೇ ಬರುತ್ತವೆ. ಕ್ರಮ ತಿರುವುಮುರುವಾದರೆ ನಮೂದಿರುತ್ತದೆ, ಫೈಲಿರುವುದಿಲ್ಲ, ಅದನ್ನು ಯಾವ ಪ್ರೋಗ್ರಾಮೂ ಮರಳಿ ತರಲಾರದು.